ಅಕ್ಷರ ಕಂಡರೆ ಅಳುವ ಮಗು

"ಅಮ್ಮಾ, ಹೊಟ್ಟೆನೋವು!" ಸ್ಲೇಟು ಹಿಡಿದ ಕೂಡಲೇ ನಿಮ್ಮ ಮಗುವೂ ಹೀಗನ್ನುತ್ತದೆಯೇ? ನನ್ನ ಎರಡನೆಯ ಮಗ ದಿನಾ ಅನ್ನುತ್ತಿದ್ದ. ಅಕ್ಕ ಪಟಪಟ ಓದಿದಳಲ್ಲ, ಇವನಿಗೇನು ಧಾಡಿ ಅಂತ ಗದರಿದೆ. ಒಂದೆರಡು ಸಲ ಕೈಯನ್ನೂ ಎತ್ತಿದೆ. ಒಂದು ರಾತ್ರಿ ನಿದ್ದೆಯಲ್ಲಿ "ಬರೀತೀನಮ್ಮಾ, ಹೊಡೀಬೇಡ" ಎಂದು ಕನವರಿಸಿದ. ನನ್ನ ಕರುಳು ಚುರುಕ್ಕೆಂದಿತು.

ಮರುದಿನ ಬೈಯದೆ ಪಕ್ಕದಲ್ಲಿ ಕೂತು, ಎಲ್ಲಿ ಎಡವುತ್ತಾನೆ ನೋಡಿದೆ. ಎಲ್ಲ ಅಕ್ಷರವೂ ಅವನಿಗೆ ಕಷ್ಟವಲ್ಲ. ಅವಳಿಜವಳಿಯಂತಿರುವ ವ-ಮ, ಪ-ಷ, ದ-ಥ-ಧ, ಇಷ್ಟೇ ತೊಡಕು! ಅ ದಿಂದ ಳ ವರೆಗೆ ಒಂದೇ ಉಸಿರಿಗೆ ಹಾಡಿಸುವುದನ್ನು ಅಂದೇ ಬಿಟ್ಟೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ 'ನಲಿ-ಕಲಿ' ಪದ್ಧತಿಯಲ್ಲೂ ಮೊದಲು ಬರುವುದು ಅ ಆ ಇ ಈ ಅಲ್ಲ. ರ ಗ ಸ ದ ಅ. ಈ ಐದು ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. 'ಗರಗಸ' ಓದಿದ ದಿನ ನಮ್ಮ ಹುಡುಗ ಬೀದಿಗೆಲ್ಲ ಸಾರಿ ಬಂದ!

ವ-ಮ ಗೊಂದಲಕ್ಕೆ ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ ಬೆರಳಲ್ಲಿ ಬರೆಸಿದೆ. ಹಿಟ್ಟು ದಂಡ ಅಂತ ಅತ್ತೆಯವರು ಗೊಣಗಿದರು. ಜರಡಿ ಹಿಡಿದರೆ ರೊಟ್ಟಿಗಾಯಿತು, ಬಿಡಿ. ಅರ್ಕಾವತ್ತಿಗೆ ಮಾತ್ರ ಅವಸರ ಬೇಡ. 'ಸೂರ್ಯ' ಅನ್ನುವಾಗ ಬಾಯಲ್ಲಿ ರಕಾರ ಮೊದಲು, ಬರಹದಲ್ಲಿ ಅದರ ಗುರುತು ಕೊನೆಗೆ. ಪಾಪ, ಮಗು ತಬ್ಬಿಬ್ಬಾಗದೆ ಇನ್ನೇನು?

ಲೆಕ್ಕದ ಕಥೆ ಕೇಳಿ. "ನೂರ ಐದು ಬರಿ" ಅಂದರೆ 1005 ಬರೆಯುತ್ತಿದ್ದ. ನೂರಕ್ಕೆ 100, ಪಕ್ಕದಲ್ಲೊಂದು 5. ತಪ್ಪಿಗೂ ಒಂದು ನ್ಯಾಯವಿದೆ ನೋಡಿ! ಪೊರಕೆಕಡ್ಡಿ ಮುರಿದು ಹತ್ತತ್ತರ ಕಟ್ಟು ಕಟ್ಟಿದೆವು. ಅಂಥ ಹತ್ತು ಸೇರಿಸಿ ದೊಡ್ಡ ಕಟ್ಟು. ದೊಡ್ಡದು ಒಂದು, ಹತ್ತರದು ಇಲ್ಲ, ಬಿಡಿ ಐದು. 'ಇಲ್ಲ' ಅನ್ನೋ ಜಾಗಕ್ಕೆ ಸೊನ್ನೆ. ಮೂರನೇ ದಿನಕ್ಕೆ ತಾನಾಗಿಯೇ 105 ಬರೆದ.

3ನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಗಾಬರಿಯಾಗಬೇಡಿ. ಆರೇಳು ವರ್ಷದ ತನಕ ಅದು ಸಾಮಾನ್ಯ. ಆದರೆ ಕಣ್ಣು, ಕಿವಿ ಒಮ್ಮೆ ತೋರಿಸಿ. ಎಂಟು ತುಂಬಿದರೂ ಅಕ್ಷರ ಕೂಡಿಸಲು ಒದ್ದಾಡಿದರೆ ಅದು ಡಿಸ್ಲೆಕ್ಸಿಯಾ ಇರಬಹುದು, ದಡ್ಡತನ ಅಲ್ಲವೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷಿಸುತ್ತಾರೆ.

ದಿನಕ್ಕೆ ಹದಿನೈದು ನಿಮಿಷ ಸಾಕು, ಸಂಜೆ ದೀಪ ಹಚ್ಚಿದ ಮೇಲೆ, ಟಿ.ವಿ. ಆರಿಸಿ. ಮಗು ಆಕಳಿಸಿತೋ, ಎತ್ತಿಡಿ. ಕಡ್ಡಿಯ ಕಟ್ಟುಗಳನ್ನು ಮಾತ್ರ ಕೆಲಸದವಳ ಕೈಗೆ ಸಿಗದಂತೆ ಇಡಿ. ನಮ್ಮನೆಯಲ್ಲಿ ಒಮ್ಮೆ ಬಚ್ಚಲೊಲೆಗೆ ಹೋಯಿತು!