ಬಿಡದಿಯ ಕಾರು, ಹಿರೇಕೆರೂರಿನ ಗೋವಿನಜೋಳ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ಹಾವೇರಿ ಜಿಲ್ಲೆಯ ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಸವಣೂರಿನವರು ರೈಲು ಹತ್ತಬೇಕೆಂದರೆ ಯಲವಿಗಿಗೆ ಹೋಗಬೇಕು. ಓಡಾಟವೆಲ್ಲ ರಸ್ತೆಯ ಮೇಲೆಯೇ ಆದ್ದರಿಂದ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಮುಂದೆ ಯಾವ ಬಗೆಯ ಕಾರು ತಯಾರಿಸೀತು ಎಂಬ ಪ್ರಶ್ನೆ ಇಲ್ಲಿಯವರದೂ ಹೌದು. ಅದಕ್ಕಿಂತ ದೊಡ್ಡ ಕಾರಣ ಇಲ್ಲಿನ ಹೊಲಗಳಲ್ಲಿದೆ. 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅನಾವರಣ ಮಾಡಿದ ಇನ್ನೋವಾ ಹೈಕ್ರಾಸ್ ಮಾದರಿ, ಪೆಟ್ರೋಲಿನ ಬದಲು ಎಥನಾಲ್ ಕುಡಿದೂ ಓಡಬಲ್ಲ ಹೈಬ್ರಿಡ್ ಕಾರು. ದೇಶದ ಎಥನಾಲ್‌ಗೆ ಈಗ ಕಬ್ಬಿಗಿಂತ ಹೆಚ್ಚು ಒದಗುತ್ತಿರುವುದು ಗೋವಿನಜೋಳ, ಅಂದರೆ ಹಾವೇರಿಯ ಮುಖ್ಯ ಬೆಳೆ. ಇಂಥ ಫ್ಲೆಕ್ಸ್ ಹೈಬ್ರಿಡ್ ಕಾರು ಮಾರುಕಟ್ಟೆಗೆ ಬಂದೇ ಬರುತ್ತದೆ ಎಂಬುದು ನನ್ನ ಅಂದಾಜು. ಆದರೆ ಅದರ ಕಾಲ ಹೆಚ್ಚೆಂದರೆ ಹದಿನೈದು ವರ್ಷ. ಅದನ್ನು ನಂಬಿ ರೈತರು ಬೆಳೆಯ ಲೆಕ್ಕ ಹಾಕಬಾರದು.

ಕಂಪನಿಯ ತರ್ಕವನ್ನು ಮೊದಲು ನೋಡೋಣ. ಟೊಯೊಟಾ ಪದೇಪದೇ ಮುಂದಿಡುವ ಲೆಕ್ಕ 1:6:90. ಒಂದು ಪೂರ್ಣ ವಿದ್ಯುತ್ ಕಾರಿಗೆ ಬೇಕಾಗುವ ಬ್ಯಾಟರಿ ಖನಿಜದಲ್ಲಿ ಆರು ಪ್ಲಗ್-ಇನ್ ಹೈಬ್ರಿಡ್‌ಗಳನ್ನು, ಇಲ್ಲವೇ ತೊಂಬತ್ತು ಸಾಮಾನ್ಯ ಹೈಬ್ರಿಡ್‌ಗಳನ್ನು ಮಾಡಬಹುದು. ಬಿಡದಿಯಲ್ಲೇ ತಯಾರಾಗುವ ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ 0.76 ಯೂನಿಟ್ ವಿದ್ಯುತ್ತನ್ನಷ್ಟೇ ಹಿಡಿದಿಡುತ್ತದೆ. ಜೊತೆಗಾರ ಸುಜುಕಿಯ ವಿದ್ಯುತ್ ಕಾರು ಇ-ವಿಟಾರಾದ ದೊಡ್ಡ ಬ್ಯಾಟರಿ 61 ಯೂನಿಟ್‌ನದು. ಲಿಥಿಯಂ ಆಮದು ಮಾಡಿಕೊಳ್ಳುವ ದೇಶದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಬ್ರೆಜಿಲ್‌ನಲ್ಲಿ ಇದೇ ಕಂಪನಿ 2019ರಿಂದಲೇ ಫ್ಲೆಕ್ಸ್ ಹೈಬ್ರಿಡ್ ಕೊರೊಲ್ಲಾ ಮಾರುತ್ತಿದೆ. ಅಲ್ಲಿ ಕಬ್ಬಿನ ಎಥನಾಲ್ ಪೆಟ್ರೋಲ್ ಬಂಕುಗಳಲ್ಲಿ ದಶಕಗಳಿಂದ ಸಿಗುತ್ತಿದೆ. ಕೈಯಲ್ಲಿ ಸಿದ್ಧ ತಂತ್ರಜ್ಞಾನ ಇದ್ದು ಸರ್ಕಾರವೂ ಎಥನಾಲ್‌ನ ಬೆನ್ನಿಗೆ ನಿಂತಿರುವಾಗ ಯಾವ ಕಂಪನಿಯಾದರೂ ಇದೇ ದಾರಿ ಹಿಡಿಯುತ್ತದೆ.

ತೊಡಕು ಇರುವುದು ಎಥನಾಲ್‌ನ ಗುಣದಲ್ಲಿ. ಅದರ ಅಣುವಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿದೆ, ಅಂದರೆ ಅದು ಮೊದಲೇ ಒಂದಿಷ್ಟು ಉರಿದಂಥ ಇಂಧನ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ ಇರುವುದು 21. ಅದರ ಆಕ್ಟೇನ್ ಮಟ್ಟ ಹೆಚ್ಚು, ಎಂಜಿನ್ನಿನಲ್ಲಿ ಹೆಚ್ಚು ಒತ್ತಡ ತಾಳಿಕೊಳ್ಳುತ್ತದೆ ಎಂಬುದು ನಿಜ. ಆದರೆ ಪೆಟ್ರೋಲಿನಲ್ಲೂ ಓಡಬೇಕಾದ ಎಂಜಿನ್ ಆ ಲಾಭವನ್ನು ಪೂರ್ತಿ ಪಡೆಯಲಾರದು. ಹೀಗಾಗಿ ಬರೀ ಫ್ಲೆಕ್ಸ್ ಕಾರಿನ ಮೈಲೇಜು ಕುಸಿಯುತ್ತದೆ; ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಡುವ ಹೈಬ್ರಿಡ್ ಆ ನಷ್ಟವನ್ನು ಒಂದಷ್ಟು ತುಂಬುತ್ತದೆ. ಈಗ ಹೊಲಕ್ಕೆ ಬರೋಣ. ಎಕರೆಗೆ 20 ಕ್ವಿಂಟಲ್ ಗೋವಿನಜೋಳ ಬಂತು ಎಂದುಕೊಳ್ಳಿ. ಟನ್ನಿಗೆ ಸುಮಾರು 380 ಲೀಟರ್‌ನಂತೆ 760 ಲೀಟರ್ ಎಥನಾಲ್. ದೊಡ್ಡ ಹೈಬ್ರಿಡ್ ಕಾರೊಂದು ಅದರಲ್ಲಿ ಸುಮಾರು 8,000 ಕಿ.ಮೀ. ಓಡೀತು. ಒಂದು ಎಕರೆ ಯಾಕೆ, ಒಂದೇ ಗುಂಟೆಯಲ್ಲಿ ಸೌರಫಲಕ ಹಾಸಿದರೂ ವರ್ಷಕ್ಕೆ ಸುಮಾರು 7,500 ಯೂನಿಟ್ ವಿದ್ಯುತ್ ಸಿಗುತ್ತದೆ. ಯೂನಿಟ್ಟಿಗೆ ಆರು ಕಿ.ಮೀ.ಯಂತೆ ಅದು 45,000 ಕಿ.ಮೀ. ಎಕರೆಗೆ ಎಕರೆ ಹೋಲಿಸಿದರೆ ಅಂತರ ಇನ್ನೂರು ಪಟ್ಟು ದಾಟುತ್ತದೆ. ಸಸ್ಯ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲನ್ನೂ ಕಾಳಾಗಿ ಉಳಿಸುವುದಿಲ್ಲ. ಉಳಿದದ್ದರಲ್ಲೂ ಹೆಚ್ಚು ಪಾಲನ್ನು ಎಂಜಿನ್ ಬಿಸಿಯಾಗಿ ಕಳೆಯುತ್ತದೆ. ಯಾವ ಹೊಸ ಮಾದರಿಯೂ ಈ ಲೆಕ್ಕವನ್ನು ತಿರುಗಿಸಲಾರದು.

ನಮ್ಮ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು, ಹಾಗಿದ್ದ ಮೇಲೆ ವಿದ್ಯುತ್ ಕಾರು ಹೇಗೆ ಶುದ್ಧ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇಂದಿನ ಮಟ್ಟಿಗೆ ಒಳ್ಳೆಯ ಹೈಬ್ರಿಡ್ಡಿಗೂ ವಿದ್ಯುತ್ ಕಾರಿಗೂ ಇಂಗಾಲದ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ, ಟೊಯೊಟಾದ ವಾದಕ್ಕೆ ಬಲವಿರುವುದೂ ಇಲ್ಲಿಯೇ. ಆದರೆ ಕಾರು ಹಳತಾಗುತ್ತಿದ್ದಂತೆ ಗ್ರಿಡ್ ಶುದ್ಧವಾಗುತ್ತಾ ಹೋಗುತ್ತದೆ, ಎಥನಾಲ್‌ನ ಶಕ್ತಿ ಮಾತ್ರ ಇದ್ದಷ್ಟೇ ಇರುತ್ತದೆ. ಚಾರ್ಜಿಂಗ್ ಇಲ್ಲದ ತಾಲ್ಲೂಕಿನಲ್ಲಿ ವಿದ್ಯುತ್ ಕಾರಿಗೇನು ಕೆಲಸ ಎಂಬ ಮಾತೂ ಇದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ, ಸೀಸದ ಬ್ಯಾಟರಿಯ ಮೇಲೆ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿದ್ದ ಕಾಲಕ್ಕೆ ಈ ಮಾತು ಸರಿ. ಹಿರೇಕೆರೂರಿನಿಂದ ಹುಬ್ಬಳ್ಳಿಗೆ ಹೋಗಿ ಬಂದರೂ 300 ಕಿ.ಮೀ. ಮೀರುವುದಿಲ್ಲ, ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿದ ಈಗಿನ ದೊಡ್ಡ ಬ್ಯಾಟರಿಗೆ ಅದು ಭಾರವಲ್ಲ.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ರೈತರದು. ಸೌರಫಲಕ ಮೇವು ಕೊಡುವುದಿಲ್ಲ, ಕೂಲಿ ಕೊಡುವುದಿಲ್ಲ. ಎಥನಾಲ್ ಬೇಡಿಕೆ ಗೋವಿನಜೋಳಕ್ಕೆ ಬೆಲೆ ತಂದರೆ ಅದಕ್ಕಿಂತ ಇನ್ನೇನು ಬೇಕು? ಬೆಲೆ ಬಂದರೆ ನಿಜಕ್ಕೂ ಒಳ್ಳೆಯದೇ. ಆದರೆ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿ ಮುಟ್ಟಿದ 2025ರಲ್ಲೇ ಏನಾಯಿತು ನೋಡಿ. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು, ಹಾವೇರಿ ಜಿಲ್ಲೆಯ ಬೆಳೆಗಾರರು ಬೀದಿಗಿಳಿದರು. ಬೇಡಿಕೆ ಇತ್ತು, ರೈತರ ಕೈಗೆ ಬೆಲೆ ಬರಲಿಲ್ಲ. ಬಿಡದಿಯಿಂದ ಫ್ಲೆಕ್ಸ್ ಹೈಬ್ರಿಡ್ ಬರಲಿ, ನಡುವಿನ ವರ್ಷಗಳಿಗೆ ಅದು ತಕ್ಕ ಕಾರು. ಆದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗಿನ ಬೆಳೆಗಾರರು ಕಾರು ಕಂಪನಿಯ ಯೋಜನೆಗಾಗಿ ಕಾಯದೆ, ಬೆಂಬಲ ಬೆಲೆಯ ಖರೀದಿ ಕೇಂದ್ರಗಳು ಸುಗ್ಗಿಗೆ ಮುಂಚೆಯೇ ತೆರೆಯಬೇಕೆಂದು ಪಟ್ಟು ಹಿಡಿಯಬೇಕು.