ಸ್ಟೀರಿಂಗ್ ಹಿಡಿದವರೇ ಇಲ್ಲದಿದ್ದರೆ ಪರಿಹಾರ ಯಾರಿಂದ?

ತಿ. ನರಸೀಪುರದಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲಿ, ಮೂಗೂರು ಸೀಮೆಯ ಕುರುಬೂರಿನ ಬಳಿ, 2023ರ ಮೇ 29ರಂದು ಖಾಸಗಿ ಬಸ್ಸಿಗೂ ಕಾರಿಗೂ ಡಿಕ್ಕಿಯಾಗಿ ಹತ್ತು ಜನ ಸತ್ತರು. ಬಳ್ಳಾರಿ ಬಳಿಯ ಸಂಗನಕಲ್ಲಿನಿಂದ ಬಂದು, ಮಲೆ ಮಹದೇಶ್ವರ ಬೆಟ್ಟ ನೋಡಿಕೊಂಡು ಮೈಸೂರಿನ ಕಡೆ ಹೊರಟಿದ್ದವರ ಗುಂಪು ಅದು. ಎರಡು ವಾಹನಗಳನ್ನೂ ಮನುಷ್ಯರೇ ಓಡಿಸುತ್ತಿದ್ದರು. ಇಂಥ ಅಪಘಾತವಾದಾಗ ಪೊಲೀಸರು, ವಕೀಲರು, ವಿಮಾ ಕಂಪನಿಯವರು ಎಲ್ಲರೂ ಮೊದಲು ಕೇಳುವುದು ಒಂದೇ: ಓಡಿಸುತ್ತಿದ್ದವರು ಯಾರು, ತಪ್ಪು ಯಾರದು? ಇದೇ ರಸ್ತೆಯಲ್ಲಿ ನಾಳೆ ತಾನೇ ಓಡುವ ಕಾರೊಂದು ಯಾರಿಗಾದರೂ ಗುದ್ದಿದರೆ ಈ ಪ್ರಶ್ನೆಗೆ ಸುಲಭದ ಉತ್ತರ ಇರುವುದಿಲ್ಲ. ಆದರೆ ಉತ್ತರ ಸಿಗುವವರೆಗೆ ಸತ್ತವರ ಮನೆಯವರು ಕಾಯಬೇಕಾಗಿಲ್ಲ. ಅವರಿಗೆ ಪರಿಹಾರ ಕೊಡಿಸುವಷ್ಟು ಕಾನೂನು ನಮ್ಮಲ್ಲಿ ಈಗಲೇ ಇದೆ. ಇಲ್ಲದಿರುವುದು ಕಾರಿನೊಳಗೆ ದಾಖಲಾದ ಮಾಹಿತಿಯನ್ನು ಅಳಿಯದಂತೆ ಕಾಪಾಡುವ ವ್ಯವಸ್ಥೆ.

ಚಾಲಕರಿಲ್ಲದ ಕಾರು ನಮ್ಮೂರಿಗೆ ಬರುವುದು ಯಾವ ಕಾಲಕ್ಕೋ, ಈಗೇಕೆ ಈ ಚಿಂತೆ ಎನ್ನುವವರಿದ್ದಾರೆ. ಪೂರ್ತಿ ಚಾಲಕರಹಿತ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಒಂದಕ್ಕಿಂತ ಹೆಚ್ಚು ಸಲ ಹೇಳಿರುವುದೂ ನಿಜ. ಆದರೆ ಅರ್ಧ ತಾನೇ ಓಡುವ ಕಾರುಗಳು ಆಗಲೇ ಬಂದಿವೆ. 2021ರಿಂದೀಚೆಗೆ ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಲ್ಲೂ, ಮುಂದಿನ ವಾಹನ ನೋಡಿ ತಾನೇ ಬ್ರೇಕ್ ಹಾಕುವ, ಬಿಳಿ ಗೆರೆ ಹಿಡಿದು ತಾನೇ ಸ್ಟೀರಿಂಗ್ ತಿರುಗಿಸುವ ಸವಲತ್ತು ಸಿಗುತ್ತಿದೆ. ಷೋರೂಮಿನಲ್ಲಿ ಅದನ್ನು ‘ಎಡಾಸ್’ ಎಂದು ಮಾರುತ್ತಾರೆ. ಬೆಂಗಳೂರಿನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ಕಟ್ಟಿದ ಚಾಲಕರಹಿತ ಕಾರಿನ ಪ್ರದರ್ಶನ 2025ರಲ್ಲಿ ನಡೆದಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 2ಬಿ ಕಲಮು, ಸಂಶೋಧನೆಯ ವಾಹನಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ನಮ್ಮ ರಸ್ತೆಯೋ, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿ, ಒಕ್ಕಣೆಗೆಂದು ಹರಡಿದ ಹುರುಳಿ, ಮಾಸಿಹೋದ ಬಿಳಿ ಗೆರೆ ಎಲ್ಲವೂ ಇರುವ ರಸ್ತೆ. ಕ್ಯಾಮೆರಾ ತಪ್ಪಾಗಿ ಗ್ರಹಿಸುವ ಸಂದರ್ಭಗಳು ಇಲ್ಲಿ ಕಡಿಮೆಯೇನಲ್ಲ.

ಹಾಗೆ ಅಪಘಾತವಾದರೆ ಮೊದಲ ಹೆಜ್ಜೆಗಳು ಮಾಮೂಲಿನವೇ. ಗಾಯಾಳುವಿಗೆ ಚಿಕಿತ್ಸೆ ಮೊದಲು. 2025ರ ಮೇನಲ್ಲಿ ಜಾರಿಗೆ ಬಂದ ನಗದುರಹಿತ ಯೋಜನೆಯಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆಮೇಲೆ ಠಾಣೆಯಲ್ಲಿ ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ. 2022ರ ಮೋಟಾರು ವಾಹನ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. ಅರ್ಜಿ ಹಾಕಲು ಅಪಘಾತವಾದ ಊರಿಗೇ ಅಲೆಯಬೇಕಾಗಿಲ್ಲ. ಸಂಗನಕಲ್ಲಿನವರು ಬಳ್ಳಾರಿಯಲ್ಲೇ ಹಾಕಬಹುದು, ಮೂಗೂರಿನವರು ತಮ್ಮ ವ್ಯಾಪ್ತಿಯ ನ್ಯಾಯಮಂಡಳಿಗೆ ಹೋಗಬಹುದು. ಕಾಯ್ದೆ ಇಟ್ಟಿರುವ ಗಡುವು ಆರು ತಿಂಗಳು. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಅದನ್ನು ನಂಬಿ ತಡ ಮಾಡುವುದು ಜಾಣತನವಲ್ಲ. ವಕೀಲರನ್ನಿಡುವ ಶಕ್ತಿ ಇಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ.

‘ನನ್ನ ಕಕ್ಷಿದಾರರು ಓಡಿಸುತ್ತಲೇ ಇರಲಿಲ್ಲ, ಕಾರೇ ಓಡುತ್ತಿತ್ತು’ ಎಂಬ ವಾದ ಬಂದಾಗ ಮೊಕದ್ದಮೆ ಬಿದ್ದುಹೋಗುತ್ತದೆಯೇ? ಬೀಳಬಾರದು. 2001ರಲ್ಲಿ ಕೌಶ್ನುಮಾ ಬೇಗಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ ತೀರ್ಮಾನಿಸಿತು. ಜೀಪಿನ ಟೈರು ಒಡೆದು, ಜೀಪು ಮಗುಚಿ, ನಡೆದು ಹೋಗುತ್ತಿದ್ದ ವ್ಯಕ್ತಿಯೊಬ್ಬರು ಸತ್ತಿದ್ದರು. ಚಾಲಕನ ನಿರ್ಲಕ್ಷ್ಯ ಸಾಬೀತಾಗಿಲ್ಲ ಎಂದು ನ್ಯಾಯಮಂಡಳಿ ಅರ್ಜಿಯನ್ನು ವಜಾ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಅಪಾಯಕಾರಿ ವಸ್ತುವನ್ನು ಬಳಕೆಗೆ ತಂದವರು ಅದರಿಂದಾದ ಹಾನಿಗೆ ಹೊಣೆ ಎಂಬ ತತ್ತ್ವದ ಮೇಲೆ ಪರಿಹಾರ ಕೊಡಿಸಿತು. ಟೈರಿಗೆ ಹೊಂದುವ ಮಾತು ತಂತ್ರಾಂಶಕ್ಕೂ ಹೊಂದುತ್ತದೆ. ಇದಲ್ಲದೆ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಯಾರ ತಪ್ಪನ್ನೂ ತೋರಿಸದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಒಂದು ಎಚ್ಚರ ಬೇಕು: ಆ ಹಣವನ್ನು ಒಪ್ಪಿ ಪಡೆದರೆ ಪೂರ್ತಿ ನಷ್ಟಕ್ಕೆ ಪರಿಹಾರ ಕೇಳುವ 166ನೇ ಕಲಮಿನ ದೊಡ್ಡ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ದುಡಿಯುವ ಕೈಯನ್ನು ಕಳೆದುಕೊಂಡ ಮನೆಯವರು ವಕೀಲರನ್ನು ಕೇಳದೆ ಸಹಿ ಹಾಕಬಾರದು.

ಕ್ರಿಮಿನಲ್ ಮೊಕದ್ದಮೆಯ ದಾರಿ ಬೇರೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಶಿಕ್ಷೆಯಿದೆ. ಅಲ್ಲಿ ನಿರ್ಲಕ್ಷ್ಯ ಯಾರದೆಂಬುದು ಸಾಬೀತಾಗಲೇಬೇಕು. ಸಾಕ್ಷ್ಯ ಇರುವುದು ಕಾರಿನ ಸ್ಮೃತಿಯಲ್ಲಿ. ಅಮೆರಿಕದ ಟೆಂಪೆಯಲ್ಲಿ 2018ರ ಮಾರ್ಚ್ 18ರಂದು ಉಬರ್‌ನ ಪ್ರಯೋಗದ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯ ಮೇಲೆ ಹರಿಯಿತು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರು ಆಕೆಯನ್ನು ಗುರುತಿಸಿತ್ತು, ಆದರೆ ಮನುಷ್ಯಳೆಂದು ತಿಳಿಯಲಿಲ್ಲ ಎಂಬುದು ಗೊತ್ತಾದದ್ದು ದಾಖಲೆಗಳನ್ನು ಬಗೆದಾಗ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಶಿಕ್ಷೆಯಾದದ್ದು ಸೀಟಿನಲ್ಲಿ ಕುಳಿತಿದ್ದ ನೌಕರಳಿಗೆ. ಫ್ಲಾರಿಡಾದಲ್ಲಿ 2019ರಲ್ಲಿ ನಡೆದ ಟೆಸ್ಲಾ ಕಾರಿನ ಅಪಘಾತದಲ್ಲಿ ಅಗತ್ಯ ಮಾಹಿತಿ ತನ್ನಲ್ಲಿಲ್ಲ ಎಂದು ಕಂಪನಿ ಹೇಳುತ್ತ ಬಂತು. ಸಂತ್ರಸ್ತರ ಕಡೆಯ ತಜ್ಞರೊಬ್ಬರು ಕಾರಿನ ಚಿಪ್‌ನಿಂದ ಅದನ್ನು ಹೊರತೆಗೆದರು. 2025ರ ಆಗಸ್ಟಿನಲ್ಲಿ ಮಯಾಮಿಯ ಜ್ಯೂರಿ ಕಂಪನಿಯ ಪಾಲಿನ ಹೊಣೆ ಶೇ 33 ಎಂದಿತು. ಹೊಲ ಉಳುವ ಕುಟುಂಬವೊಂದು ಅಂಥ ತಜ್ಞರನ್ನು ಎಲ್ಲಿಂದ ತರಬೇಕು? ನಮ್ಮಲ್ಲಿ ನಿರೀಕ್ಷಕರು ಬ್ರೇಕು, ಟೈರು, ಜಖಂ ನೋಡಿ ಬರೆದ ಮೇಲೆ ಕಾರು ಮಾಲೀಕರ ಕೈಗೋ ಗ್ಯಾರೇಜಿಗೋ ಹೋಗುತ್ತದೆ. ದುರಸ್ತಿಯಲ್ಲಿ ಭಾಗ ಬದಲಾದರೆ ಸಾಕ್ಷ್ಯ ಅಲ್ಲಿಗೇ ಮುಗಿಯಿತು. ಆದ್ದರಿಂದ ಎಫ್‌ಐಆರ್ ಆದ ಕೂಡಲೇ ಮಾಹಿತಿ ಅಳಿಸಬಾರದೆಂದು ಮಾಲೀಕರಿಗೂ ಕಂಪನಿಗೂ ವಕೀಲರ ಮೂಲಕ ನೋಟಿಸ್ ಕೊಡುವುದು, ಮಾಹಿತಿ ತೆಗೆಯುವ ಮುನ್ನ ಕಾರು ಬಿಡಬೇಡಿ ಎಂದು ಕೋರ್ಟಿಗೆ ಅರ್ಜಿ ಹಾಕುವುದು ಈ ಬಗೆಯ ಪ್ರಕರಣಗಳಲ್ಲಿ ಎಲ್ಲಕ್ಕಿಂತ ತುರ್ತಿನ ಕೆಲಸ.

ಕಂಪನಿಗಳ ಮೇಲೆ ಇಷ್ಟು ಭಾರ ಹೊರಿಸಿದರೆ ಜೀವ ಉಳಿಸಬಲ್ಲ ತಂತ್ರಜ್ಞಾನವೇ ಬರದಂತಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಬಹುಪಾಲು ಮನುಷ್ಯರ ಕೈಯ ತಪ್ಪಿನಿಂದಲೇ. ನಿದ್ದೆಗೆಡದ, ಕುಡಿಯದ ಯಂತ್ರ ಬಂದರೆ ಒಳ್ಳೆಯದೇ. ಆದರೆ ದಾಖಲೆ ಉಳಿಸಿಡಿ ಎಂದರೆ ಯಂತ್ರ ಬೇಡವೆಂದು ಅರ್ಥವಲ್ಲ. ಯಂತ್ರದ ತಪ್ಪಿಲ್ಲದಿದ್ದರೆ ಆ ದಾಖಲೆಯೇ ಕಂಪನಿಯನ್ನು ಕಾಯುತ್ತದೆ. ಕಂಪನಿಯ ಮಾತು ನಂಬಿ ಸ್ಟೀರಿಂಗಿನಿಂದ ಕೈ ತೆಗೆದ ಮಾಲೀಕರನ್ನೂ ಕಾಯುತ್ತದೆ. ಪರಿಹಾರದ ಹೊಣೆ ಯಾರದೆಂಬುದಕ್ಕೆ ಬ್ರಿಟನ್ 2018ರ ಕಾಯ್ದೆಯಲ್ಲಿ ಒಂದು ದಾರಿ ಮಾಡಿದೆ: ಕಾರು ತಾನೇ ಓಡುತ್ತಿದ್ದಾಗ ಹಾನಿಯಾದರೆ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಬೇಕು, ಆಮೇಲೆ ತಯಾರಕರಿಂದ ವಸೂಲು ಮಾಡಿಕೊಳ್ಳಬಹುದು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ದೋಷಪೂರಿತ ವಿನ್ಯಾಸಕ್ಕೆ ತಯಾರಕರನ್ನು ಹೊಣೆ ಮಾಡುವ ಅಧ್ಯಾಯವಿದೆ. ವಿಮಾ ಕಂಪನಿಗೆ ವಕೀಲರೂ ತಜ್ಞರೂ ಇರುತ್ತಾರೆ. ತಯಾರಕರೊಡನೆ ಹೋರಾಡುವ ಕೆಲಸ ಅವರದಾಗಲಿ. ದಾಖಲೆ ಉಳಿಸಲು ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಡಿಕ್ಕಿಯ ಕ್ಷಣದಲ್ಲಿ ಯಾವ ಸವಲತ್ತು ಚಾಲೂ ಇತ್ತು, ಮಾಹಿತಿಯನ್ನು ತೆಗೆದು ಮೊಹರು ಮಾಡಲಾಗಿದೆಯೇ ಎಂಬ ಎರಡು ಕಾಲಂಗಳನ್ನು ಪೊಲೀಸರ ವಿವರ ವರದಿಯ ನಮೂನೆಗೆ ಸೇರಿಸಲು ಕೇಂದ್ರ ಸಾರಿಗೆ ಸಚಿವಾಲಯದ ಅಧಿಸೂಚನೆಯೊಂದು ಸಾಕು.