ಪ್ರಾಥಮಿಕ ಶಾಲೆಯ ಒಂದು ವರ್ಷ: ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಪೋಷಕರ ಗಮನಕ್ಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಶೈಕ್ಷಣಿಕ ವಲಯಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಈ ವಲಯಗಳ ಪೋಷಕರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಶಾಲೆಯನ್ನು ಸಂಪರ್ಕಿಸುತ್ತಾರೆ: ಜೂನ್‌ನಲ್ಲಿ ಪ್ರವೇಶಕ್ಕಾಗಿ ಮತ್ತು ಏಪ್ರಿಲ್‌ನಲ್ಲಿ ಫಲಿತಾಂಶಕ್ಕಾಗಿ. ಈ ಎರಡರ ನಡುವಿನ ಹತ್ತು ತಿಂಗಳುಗಳಲ್ಲಿ ತರಗತಿಯೊಳಗೆ ಏನು ನಡೆಯುತ್ತದೆ, ಅದರಲ್ಲಿ ಪೋಷಕರ ಹಕ್ಕು ಮತ್ತು ಹೊಣೆ ಏನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಶಾಲಾ ವರ್ಷ ಮತ್ತು ಹಾಜರಾತಿ

ಶಾಲೆಗಳು ಮೇ ತಿಂಗಳ ಕೊನೆಯಲ್ಲಿ ಆರಂಭಗೊಂಡು ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ಮುಕ್ತಾಯಗೊಳ್ಳುತ್ತವೆ. ದಸರಾ ರಜೆಯು ವರ್ಷವನ್ನು ಎರಡು ಅವಧಿಗಳಾಗಿ ವಿಂಗಡಿಸುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ 2009ರ ಪ್ರಕಾರ 1ರಿಂದ 5ನೇ ತರಗತಿಗೆ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು, 6ರಿಂದ 8ನೇ ತರಗತಿಗೆ 220 ದಿನಗಳು ಮತ್ತು 1000 ಗಂಟೆಗಳು ಇರತಕ್ಕದ್ದು.

ಇನ್ನೂರು ದಿನ ಎಂಬುದು ಕೇಳಲು ದೊಡ್ಡ ಸಂಖ್ಯೆ. ಆದರೆ ಈ ಭಾಗದ ದುಡಿಮೆಯ ವರ್ಷವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಬೇರೆಯೇ ಕಾಣುತ್ತದೆ. ಶಾಲೆ ತೆರೆಯುವ ಹೊತ್ತಿಗೇ ಮುಂಗಾರು ಬಿತ್ತನೆ ಆರಂಭವಾಗುತ್ತದೆ. ದಸರಾ ರಜೆಯ ನಂತರ ಕಬ್ಬು ಕಡಿಯುವ ಹಂಗಾಮು ಬರುತ್ತದೆ. ಹೊಸ್ತಿಲ ಹುಣ್ಣಿಮೆಯಿಂದ ಭರತ ಹುಣ್ಣಿಮೆಯವರೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜಾತ್ರೆಗಳಿರುತ್ತವೆ. ಅಂಗಡಿ ಹಾಕುವ ಕುಟುಂಬಗಳ ಮಕ್ಕಳು ಆ ದಿನಗಳಲ್ಲಿ ಗುಡ್ಡದ ಮೇಲೆಯೇ ಇರುವುದುಂಟು. ರಾಮದುರ್ಗದ ನೇಕಾರರ ಮನೆಗಳಲ್ಲಿ ನೂಲು ಸುತ್ತಲು ಎಳೆಯ ಕೈ ಬೇಕೆನಿಸುತ್ತದೆ. ಒಂದೊಂದು ಕಾರಣವೂ ಮನೆಯವರಿಗೆ ನಾಲ್ಕು ದಿನದ ಮಾತು. ಎಲ್ಲವನ್ನೂ ಕೂಡಿಸಿದರೆ ಇಪ್ಪತ್ತನಾಲ್ಕು ದಿನಗಳಾಗುವುದು ಕಷ್ಟವಲ್ಲ; ಅದು ಇನ್ನೂರರಲ್ಲಿ ಶೇ. 12. ಮನೆಯ ಕಸುಬಿನಲ್ಲಿಯೂ 14 ವರ್ಷದೊಳಗಿನ ಮಗು ನೆರವಾಗಬಹುದಾದದ್ದು ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯಕಾರಿಯಲ್ಲದ ಕೆಲಸದಲ್ಲಿ, ಎಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು ತಿಳಿಸುತ್ತದೆ.

1ರಿಂದ 3ನೇ ತರಗತಿ: ನಲಿ-ಕಲಿ

ಸರ್ಕಾರಿ ಕನ್ನಡ ಶಾಲೆಗೆ ಮೊದಲ ಬಾರಿ ಬರುವ ಪೋಷಕರು ಕೇಳುವ ಪ್ರಶ್ನೆಯೊಂದಿದೆ: ಮಕ್ಕಳು ಸಾಲಾಗಿ ಕೂರದೆ ಗುಂಪು ಗುಂಪಾಗಿ ಕುಳಿತು ಆಡುತ್ತಿರುವುದೇಕೆ? ಇದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪ್ರಯೋಗವನ್ನು 2009-10ನೇ ಸಾಲಿನಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಲಾಯಿತು. ಇದರಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಆ ಚಿಹ್ನೆಗೆ ಹೊಂದಿದ ಕಾರ್ಡು. ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಅದಕ್ಕೆ ನಿಗದಿಯಾದ ಗುಂಪಿನಲ್ಲಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಮತ್ತೊಂದಕ್ಕೆ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಂತ ಕಲಿಕೆ. ಹೀಗೆ ಐದು ಗುಂಪುಗಳು.

ಈ ಪದ್ಧತಿಯಲ್ಲಿ ಮಗು ಹದಿನೈದು ದಿನ ಬಾರದಿದ್ದರೂ ಪಾಠ ಮುಂದೆ ಹೋಯಿತೆಂಬ ಭಯವಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಆದರೆ ಮೂರನೇ ತರಗತಿ ಮುಗಿಯುವ ವೇಳೆಗೆ ಏಣಿಯ ಅರ್ಧದಲ್ಲಿಯೇ ಉಳಿದ ಮಗುವಿಗೆ ನಾಲ್ಕನೇ ತರಗತಿಯಲ್ಲಿ ಏಣಿ ಇರುವುದಿಲ್ಲ. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ, ಒಂದೇ ಪಾಠ. ಓದಲು ಬಾರದ ಮಗುವಿಗೆ ಪರಿಸರ ಅಧ್ಯಯನವೂ ಬಾರದು, ಗಣಿತದ ಲಿಖಿತ ಸಮಸ್ಯೆಗಳೂ ಬಾರವು. ಶಾಲೆಯ ಮೇಲಿನ ಬೇಸರ ಅನೇಕ ಮಕ್ಕಳಲ್ಲಿ ಮೊದಲು ಕಾಣುವುದು ಈ ಹಂತದಲ್ಲಿಯೇ. ಆದ್ದರಿಂದ ಪೋಷಕರು ಏಪ್ರಿಲ್‌ವರೆಗೆ ಕಾಯದೆ, ಮೂರನೇ ತರಗತಿಯ ಜನವರಿಯಲ್ಲಿಯೇ ಶಾಲೆಗೆ ತೆರಳಿ ಪ್ರಗತಿ ನೋಟವನ್ನು ನೋಡಿ, ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಕೇಳುವುದು ಸೂಕ್ತ.

ಮನೆಯಲ್ಲಿಯೂ ಇದನ್ನು ತಿಳಿಯಬಹುದು. ಪಠ್ಯದ ಪಾಠವನ್ನು ಓದಿಸಬಾರದು, ಅದು ಬಾಯಿಪಾಠವಾಗಿರಬಹುದು. ಮನೆಗೆ ಬಂದ ಮದುವೆಯ ಲಗ್ನಪತ್ರಿಕೆ, ಬಸ್ಸಿನ ಫಲಕ, ಪಡಿತರ ಚೀಟಿ ಇವುಗಳನ್ನು ಓದಲು ಹೇಳಬಹುದು. ಸಂತೆಯಿಂದ ಬಂದ ಮೇಲೆ ಉಳಿದ ಚಿಲ್ಲರೆಯ ಲೆಕ್ಕ ಕೇಳಬಹುದು. ಅಕ್ಷರ ಕಲಿಯದ ತಾಯಿಯೂ ಮಗು ತಡವರಿಸುವುದನ್ನು ಗುರುತಿಸಬಲ್ಲರು. ತಡವರಿಕೆ ಕಂಡುಬಂದಲ್ಲಿ ಗದರದೆ ತರಗತಿ ಶಿಕ್ಷಕರಿಗೆ ತಿಳಿಸಿ ಪರಿಹಾರ ಬೋಧನೆಯನ್ನು ಕೋರತಕ್ಕದ್ದು.

ಮನೆಯಲ್ಲಿ "ಬರಾಕತ್ತಾರ" ಎನ್ನುವ ಮಗು ಪುಸ್ತಕದಲ್ಲಿ "ಬರುತ್ತಿದ್ದಾರೆ" ಎಂದು ಓದುತ್ತದೆ. ಉರ್ದು, ಮರಾಠಿ ಅಥವಾ ಲಂಬಾಣಿ ಮಾತನಾಡುವ ಮನೆಯ ಮಗುವಿಗೆ ಈ ಅಂತರ ಇನ್ನೂ ದೊಡ್ಡದು. ಇದನ್ನು ದಡ್ಡತನವೆಂದು ಭಾವಿಸಬಾರದು. ಮನೆಮಾತಿನಲ್ಲಿ ಉತ್ತರಿಸಲು ಆರಂಭದಲ್ಲಿ ಮಗುವಿಗೆ ಅವಕಾಶವಿರಬೇಕು.

ಮೌಲ್ಯಮಾಪನ ಮತ್ತು ಶ್ರೇಣಿ

ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಅಂಕಗಳನ್ನು ಎ+, ಎ, ಬಿ+, ಬಿ, ಸಿ ಎಂಬ ಶ್ರೇಣಿಗಳಲ್ಲಿ ನಮೂದಿಸಲಾಗುತ್ತದೆ; ಶೇ. 90 ಮತ್ತು ಮೇಲ್ಪಟ್ಟು ಎ+, ಶೇ. 30ಕ್ಕಿಂತ ಕಡಿಮೆ ಇದ್ದಲ್ಲಿ ಸಿ. ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು 2009ರ ಅಧಿನಿಯಮದ ಮೂಲ ನಿಯಮವಿತ್ತು. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಗಳ ಮಟ್ಟಿಗೆ ಈ ವಿಷಯವನ್ನು ಸರ್ಕಾರಗಳ ತೀರ್ಮಾನಕ್ಕೆ ಬಿಟ್ಟಿದೆ. ಆದುದರಿಂದ ಮಗು ಮುಂದಿನ ತರಗತಿಗೆ ಹೋಗಿದೆ ಎಂಬುದರಿಂದಲೇ ಕಲಿತಿದೆ ಎಂದು ತಿಳಿಯಲಾಗದು. ಸಂಕಲನಾತ್ಮಕ ಮೌಲ್ಯಮಾಪನದ ನಂತರ "ಸಮುದಾಯದತ್ತ ಶಾಲೆ" ಕಾರ್ಯಕ್ರಮದಲ್ಲಿ ಪೋಷಕರಿಗೆ ಉತ್ತರ ಪತ್ರಿಕೆಗಳನ್ನು ತೋರಿಸಲಾಗುತ್ತದೆ. ಅರ್ಧ ದಿನದ ಕೂಲಿ ಬಿಟ್ಟು ಬರುವುದು ಸುಲಭವಲ್ಲ. ಬರಲಾಗದವರು ಬೇರೊಂದು ದಿನ ಶಿಕ್ಷಕರನ್ನು ಕೇಳಿ ನೋಡಬಹುದು.

ಸೌಲಭ್ಯಗಳು

ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಕಾಲುಚೀಲ ಉಚಿತ. ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ನೇ ತರಗತಿಗೆ 150 ಗ್ರಾಂ ಆಹಾರ ಧಾನ್ಯ ನಿಗದಿಯಾಗಿದೆ. 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಹಾಲನ್ನೂ ನೀಡಲಾಗುತ್ತಿದೆ.

ಪ್ರವೇಶ, ವರ್ಗಾವಣೆ ಮತ್ತು ಗುಳೆ

1ನೇ ತರಗತಿ ಪ್ರವೇಶಕ್ಕೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶಿಸಲಾಯಿತು. 2025-26ನೇ ಸಾಲಿಗೆ ಮಾತ್ರ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹಕ್ಕೆ ಸಿಲುಕಿದ ಮುನವಳ್ಳಿ, ರಾಮದುರ್ಗ ಭಾಗದವರಿಗೆ ಕಾಗದಪತ್ರ ನೀರುಪಾಲಾಗುವುದೆಂದರೇನು ಎಂಬುದನ್ನು ವಿವರಿಸಬೇಕಾಗಿಲ್ಲ.

ಗೋವಾ, ಮಹಾರಾಷ್ಟ್ರ ಅಥವಾ ಬೇರೆ ತಾಲ್ಲೂಕಿಗೆ ದುಡಿಯಲು ಹೋಗುವ ಕುಟುಂಬಗಳು ಮಗುವನ್ನು ಹೇಳದೆ ಕೇಳದೆ ಕರೆದೊಯ್ಯಬಾರದು. ಅಜ್ಜ-ಅಜ್ಜಿಯರ ಬಳಿ ಬಿಟ್ಟು ಹೋಗುವುದಾದಲ್ಲಿ ಅವರ ದೂರವಾಣಿ ಸಂಖ್ಯೆಯನ್ನು ಶಾಲೆಗೆ ನೀಡತಕ್ಕದ್ದು. ಕರೆದೊಯ್ಯುವುದಾದಲ್ಲಿ ಮುಖ್ಯೋಪಾಧ್ಯಾಯರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ನೀಡಬೇಕೆಂದು ಅಧಿನಿಯಮದ 5ನೇ ಕಲಂ ವಿಧಿಸುತ್ತದೆ. ಆ ಪತ್ರ ತಡವಾದರೂ ಹೊಸ ಊರಿನ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶವನ್ನು ತಡೆಯುವಂತಿಲ್ಲ. ಮರಳಿ ಬಂದಾಗ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಭಾಗಕ್ಕೆ ವಿಶೇಷ ತರಬೇತಿ ನೀಡಬೇಕಾಗುತ್ತದೆ. "ಎರಡು ವರ್ಷ ಬಿಟ್ಟಾನ, ಇನ್ನ ಯಾವ ಸಾಲಿ" ಎಂದು ಕೈಬಿಟ್ಟ ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ದೂರುಗಳು

ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಮತ್ತು ಪ್ರವೇಶಕ್ಕೆ ವಂತಿಗೆ ಪಡೆಯುವುದನ್ನು ನಿಷೇಧಿಸಲಾಗಿದೆ. ದೂರುಗಳನ್ನು ಮೊದಲು ಮುಖ್ಯೋಪಾಧ್ಯಾಯರಿಗೆ ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಂಬಂಧಪಟ್ಟ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಬಹುದು. ಮಗುವಿಗೆ ತುರ್ತು ನೆರವು ಬೇಕಾದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಬರೆದರೆ ಸಾಕು. ಮಗುವಿನ ಹೆಸರು, ತರಗತಿ, ಶಾಲೆಯ ಹೆಸರು ಮತ್ತು ಪ್ರಗತಿ ಪತ್ರದಲ್ಲಿರುವ ವಿದ್ಯಾರ್ಥಿ ಸಂಖ್ಯೆಯನ್ನು ನಮೂದಿಸಿ, ಅರ್ಜಿ ನೀಡಿದ್ದಕ್ಕೆ ದಿನಾಂಕ ಸಹಿತ ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು.